ಬಿಪಿ ನಾರ್ಮಲ್ ಅದ, ಮತ್ತ ದಮ್ಮು ಯಾಕ ಹತ್ತತದ?

ಹೋದ ಡಿಸೆಂಬರಿನಲ್ಲಿ ಬೀದರಿನ ಒಂದು ಕಾಲೇಜಿನಲ್ಲಿ ಆಡಿದ ಮಾತು ಇದು. ಅರ್ಧ ಜನ ಬಿ.ಎಸ್ಸಿ. ಮಕ್ಕಳು, ಒಂದಷ್ಟು ಪಶುವೈದ್ಯಕೀಯ ಓದುವವರು, ಉಳಿದವರು ಊರಿನವರು. ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ. ಕೆಮ್ಮಿದ್ದು, ಮೈಕು ಕೈಕೊಟ್ಟಿದ್ದು, ಹೇಳಿದ್ದನ್ನೇ ಎರಡು ಸಲ ಹೇಳಿದ್ದು ತೆಗೆದುಹಾಕಿದ್ದೇನೆ.

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯವನು, ಬಯೋಕೆಮಿಸ್ಟ್ರಿ ಪಾಠ ಮಾಡುವ ಮಾಸ್ತರ. ಹೆಸರಿನ ಹಿಂದೆ ಡಾಕ್ಟರ್ ಅಂತ ಇದೆ, ನಿಜ. ಆದರೆ ಅದು ಇಲಿಗಳ ಶ್ವಾಸಕೋಶ ಅರೆದು ಸಿಕ್ಕಿದ್ದು, ರೋಗಿಯ ನಾಡಿ ಹಿಡಿದು ಸಿಕ್ಕಿದ್ದಲ್ಲ. ಹಾಗಾಗಿ ಯಾರಾದರೂ ರಿಪೋರ್ಟ್ ಹಿಡಿದುಕೊಂಡು ಬಂದಿದ್ದರೆ ಅದನ್ನು ಚೀಲದಲ್ಲೇ ಇಟ್ಟುಕೊಳ್ಳಿ, ನಿಮ್ಮ ಡಾಕ್ಟರಿಗೇ ತೋರಿಸಿ.

ಮೊದಲು ಒಂದು ಮನೆ ಮಾತು. ನಮ್ಮ ದೊಡ್ಡವ್ವ ಒಂದು ಹೊತ್ತಿಗೆ ನಲವತ್ತು ರೊಟ್ಟಿ ಬಡಿಯುತ್ತಿದ್ದವಳು. ಐವತ್ತರ ಹತ್ತಿರ ಬಂದಾಗ ಹತ್ತು ರೊಟ್ಟಿ ಆಗುವಷ್ಟರಲ್ಲಿ ದಮ್ಮು ಹತ್ತಿ ಗೋಡೆಗೆ ಒರಗಿ ಕೂರತೊಡಗಿದಳು. ತೋರಿಸಿದ ಕಡೆಯೆಲ್ಲ ತೋಳಿಗೆ ಪಟ್ಟಿ ಸುತ್ತಿ, ಪುಸ್ ಪುಸ್ ಅಂತ ಗಾಳಿ ತುಂಬಿ, "ಬಿಪಿ ನಾರ್ಮಲ್ ಅದ ಅವ್ವ, ವೀಕ್ನೆಸ್ ಅಷ್ಟೇ" ಅಂತ ಟಾನಿಕ್ ಬರೆದುಕೊಟ್ಟರು. ಒಬ್ಬರು ಗ್ಯಾಸ್ ಅಂದರು. ಇನ್ನೊಬ್ಬರು ಟೆನ್ಷನ್ ಅಂದರು. ಎರಡು ವರ್ಷ ಹೀಗೇ ಹೋಯಿತು. ಕಾಲು ಬಾತುಕೊಂಡ ಮೇಲೆ ಯಾರೋ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದರು, ಆಗ ಗೊತ್ತಾಯಿತು. ಬಿಪಿ ಇತ್ತು, ಆದರೆ ತೋಳಿನಲ್ಲಲ್ಲ, ಶ್ವಾಸಕೋಶದಲ್ಲಿ.

ಶ್ವಾಸಕೋಶಕ್ಕೂ ಬೇರೆ ಬಿಪಿ ಇರುತ್ತದಾ ಅಂತ ಆವತ್ತು ಮನೆಯವರೆಲ್ಲ ನನ್ನ ಮುಖ ನೋಡಿದರು. ಇರುತ್ತದೆ. ಹೃದಯ ಒಂದೇ ಆದರೂ ಕೆಲಸದ ಲೆಕ್ಕದಲ್ಲಿ ಅದು ಎರಡು ಪಂಪು. ಎಡಗಡೆಯದು ಇಡೀ ಮೈಗೆ ರಕ್ತ ತಳ್ಳುತ್ತದೆ, ಬಲಗಡೆಯದು ಶ್ವಾಸಕೋಶಕ್ಕೆ ಮಾತ್ರ. ಸುಮ್ನೆ ಕೂತಿರುವಾಗ ಎರಡೂ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನೇ ತಳ್ಳುತ್ತವೆ, ಒಂದು ಜಾಸ್ತಿ ಇನ್ನೊಂದು ಕಮ್ಮಿ ಅಂತ ಇಲ್ಲ. ಆದರೆ ಮೈಯ ದೊಡ್ಡ ರಕ್ತನಾಳದಲ್ಲಿ ಸರಾಸರಿ ಒತ್ತಡ 90 ಮಿ.ಮೀ. ಪಾದರಸದ ಆಸುಪಾಸು ಇದ್ದರೆ ಶ್ವಾಸಕೋಶದ ಅಪಧಮನಿಯಲ್ಲಿ ಬರೀ 14. ಅಷ್ಟೇ ರಕ್ತ, ಆರನೇ ಒಂದು ಪಾಲಿನಷ್ಟು ಒತ್ತಡ. ಅಂದರೆ ಶ್ವಾಸಕೋಶದ ನಾಳಗಳು ಅಷ್ಟು ತೆಳುವು, ಅಷ್ಟು ಸಡಿಲ. ನೀವು ಓಡಿದರೆ, ಮೆಟ್ಟಿಲು ಹತ್ತಿದರೆ, ಮುಚ್ಚಿಕೊಂಡಿದ್ದ ಸಣ್ಣ ನಾಳಗಳೂ ತೆರೆದುಕೊಂಡು ಹೆಚ್ಚಿಗೆ ಬಂದ ರಕ್ತಕ್ಕೆ ದಾರಿ ಬಿಡುತ್ತವೆ. ಇಷ್ಟು ಹಗುರ ಕೆಲಸಕ್ಕೆ ಅಂತಲೇ ಬಲಗಡೆಯ ಪಂಪಿನ ಗೋಡೆಯೂ ತೆಳ್ಳಗಿದೆ. ಆ ನಾಳಗಳು ಗಟ್ಟಿಯಾಗಿ ಕಿರಿದಾದರೆ ಮೊದಲು ಸುಸ್ತಾಗುವುದು ಈ ಬಡ ಬಲಗಡೆ. ಈ ಕಾಯಿಲೆಯಲ್ಲಿ ಜೀವ ಹೋಗುವುದು ಹೆಚ್ಚಾಗಿ ಬಲ ಹೃದಯ ಸೋತು.

ತೋಳಿಗೆ ಪಟ್ಟಿ ಕಟ್ಟಿ ಇದನ್ನು ಅಳೆಯೋಕಾಗಲ್ಲ. ಎಕೋ ಒಂದು ಅಂದಾಜು ಕೊಡುತ್ತದೆ. ಖಾತ್ರಿ ಆಗಬೇಕಾದರೆ ಸಣ್ಣ ಕೊಳವೆಯೊಂದನ್ನು ರಕ್ತನಾಳದ ಮೂಲಕ ಬಲ ಹೃದಯ ದಾಟಿಸಿ ಶ್ವಾಸಕೋಶದ ಅಪಧಮನಿ ತನಕ ಕಳಿಸಿ ಅಳೆಯಬೇಕು. ಈ ಕೊಳವೆ ಕೆಲಸಕ್ಕೆ ದಾರಿ ತೋರಿಸಿದ್ದು ವರ್ನರ್ ಫೋರ್ಸ್‌ಮನ್ ಅನ್ನುವ ಜರ್ಮನಿಯ ಎಳೆಯ ಡಾಕ್ಟರ್. 1929ರಲ್ಲಿ, ಮೇಲಿನವರು ಬೇಡ ಅಂದರೂ ಕೇಳದೆ, ತನ್ನದೇ ತೋಳಿನ ನಾಳದೊಳಗೆ 65 ಸೆಂ.ಮೀ. ಕೊಳವೆ ತೂರಿಸಿಕೊಂಡು, ಅದೇ ಸ್ಥಿತಿಯಲ್ಲಿ ನಡೆದುಕೊಂಡು ಹೋಗಿ ಎಕ್ಸ್-ರೇ ತೆಗೆಸಿಕೊಂಡ. 1956ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂತು. ಮಕ್ಕಳೇ, ಇದನ್ನು ಪ್ರಾಕ್ಟಿಕಲ್ ಕ್ಲಾಸಿನಲ್ಲಿ ಮಾಡಬೇಡಿ.

ಎಷ್ಟಿದ್ದರೆ ಕಾಯಿಲೆ? 1973ರಿಂದ ಸರಾಸರಿ ಒತ್ತಡ 25 ಅಥವಾ ಅದಕ್ಕಿಂತ ಜಾಸ್ತಿ ಅಂತ ಗೆರೆ ಎಳೆದಿದ್ದರು. 2018ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ತಜ್ಞರು ಕೂತು ಆ ಗೆರೆಯನ್ನು 20ಕ್ಕೆ ಇಳಿಸಿದರು, 20 ದಾಟಿದರೆ ಪಲ್ಮನರಿ ಹೈಪರ್‌ಟೆನ್ಷನ್, ಅಂದರೆ ಶ್ವಾಸಕೋಶದ ಬಿಪಿ. ಇದು ಒಂದೇ ಕಾಯಿಲೆಯೂ ಅಲ್ಲ, ಐದು ಗುಂಪು ಮಾಡಿದ್ದಾರೆ. ಎಡ ಹೃದಯ ಕೆಟ್ಟು ಬರುವುದೇ ಎಲ್ಲಕ್ಕಿಂತ ಜಾಸ್ತಿ. ಶ್ವಾಸಕೋಶವೇ ಕೆಟ್ಟು ಬರುವುದು ಇನ್ನೊಂದು. ವರ್ಷಗಟ್ಟಲೆ ಒಲೆ ಹೊಗೆ ಕುಡಿದ ಹೆಣ್ಣುಮಕ್ಕಳನ್ನು ಇಲ್ಲಿ ನೆನಪಿಸಿಕೊಳ್ಳಿ. ಹೆಪ್ಪುಗಟ್ಟಿದ ರಕ್ತ ನಾಳದಲ್ಲಿ ಕೂತು ಬರುವುದು ಮತ್ತೊಂದು. ಯಾವ ಗುಂಪಿಗೂ ಸರಿಯಾಗಿ ಕೂರದವು ಐದನೆಯದಕ್ಕೆ. ನಾನು ಇವತ್ತು ಮಾತಾಡುವುದು ಹೆಚ್ಚಾಗಿ ಮೊದಲನೇ ಗುಂಪಿನ ಬಗ್ಗೆ, ಅಂದರೆ ನಾಳದ ಗೋಡೆಯೇ ದಾರಿ ತಪ್ಪುವ ಬಗೆ. ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ ಬರುವಂಥದ್ದು. ದೊಡ್ಡವ್ವನದೂ ಅದೇ.

ಈಗ ಬೀದರಿಗೆ ಬರೋಣ. ನೌಬಾದ್ ಕಡೆ ಸುರಂಗ ಬಾವಿ ಇದೆಯಲ್ಲ, ಕರೇಜ್ ಅಂತೀರಲ್ಲ, ಎಷ್ಟು ಜನ ಇಳಿದು ನೋಡಿದ್ದೀರಿ? (ನಾಲ್ಕೈದು ಕೈ ಎದ್ದವು.) ಐನೂರು ವರ್ಷಕ್ಕೂ ಹಿಂದೆ, ಬಹಮನಿ ಕಾಲದಲ್ಲಿ, ಕೆಂಪು ಮುರಕಲ್ಲಿನೊಳಗೆ ಎರಡು ಕಿಲೋಮೀಟರಿಗೂ ಉದ್ದ ಕೊರೆದ ನೀರಿನ ದಾರಿ. ಅದು ಯಾಕೆ ಕಟ್ಟಿಕೊಂಡಿತು? ಮೇಲಿನ ಬಾಯಿಗಳಿಂದ ಮಣ್ಣು ಬಿತ್ತು, ಕಸ ಬಿತ್ತು, ಹೂಳು ತುಂಬಿತು. ಹೂಳು ತೆಗೆದ ಕಡೆ ನೀರು ಮತ್ತೆ ಕಾಣಿಸಿತು. ಗೋಡೆ ಮಾತ್ರ ಅಂದು ಕೊರೆದಂತೆಯೇ ಇತ್ತು.

ಹೆಪ್ಪುಗಟ್ಟಿದ ರಕ್ತದಿಂದ ಬರುವ ಗುಂಪು ಇದೆಯಲ್ಲ, ಅದು ಸುಮಾರಾಗಿ ಈ ಕರೇಜ್ ಥರ. ತಕ್ಕ ರೋಗಿಯಾದರೆ ಎದೆ ತೆರೆದು ಒಳಗಿನ ಪದರದ ಸಮೇತ ಆ ಹಳೇ ಹೆಪ್ಪನ್ನು ಸುಲಿದು ತೆಗೆಯುತ್ತಾರೆ, ಒತ್ತಡ ಇಳಿಯುತ್ತದೆ. ಆದರೆ ದೊಡ್ಡವ್ವನ ಬಗೆಯದು ಹಾಗಲ್ಲ. ಹೊರಗಿಂದ ಏನೂ ಬಂದು ಬಿದ್ದಿಲ್ಲ. ಗೋಡೆಯೇ ಒಳಗೆ ಬೆಳೆದಿದೆ. ಕರೇಜಿನ ಕಲ್ಲು ರಾತ್ರೋರಾತ್ರಿ ದಪ್ಪವಾಗುತ್ತಾ ನೀರಿನ ಮೇಲೆ ಮುಚ್ಚಿಕೊಳ್ಳುತ್ತಾ ಬಂದರೆ ಹೇಗೋ ಹಾಗೆ. ಅದನ್ನು ಯಾವ ಸಲಿಕೆಯಿಂದ ತೆಗೆಯುತ್ತೀರಿ?

ಹಾಗಾದರೆ ಗೋಡೆ ಯಾಕೆ ಬೆಳೆಯಿತು? ಇಲ್ಲಿಗೆ ನನ್ನ ಅಂಗಡಿ ಶುರು.

ನಾಳದ ಗೋಡೆಗೆ ಮೂರು ಪದರ. ರಕ್ತ ತಾಗುವ ಒಳಮೈಯಲ್ಲಿ ಒಂದೇ ಸಾಲು ಜೀವಕೋಶಗಳು, ಅವಕ್ಕೆ ಎಂಡೋಥೀಲಿಯಂ ಅಂತ ಹೆಸರು. ನಡುವೆ ಸ್ನಾಯು, ಅದು ಬಿಗಿಯುತ್ತದೆ, ಸಡಿಲಿಸುತ್ತದೆ. ಹೊರಗೆ ನಾರಿನ ಹೊದಿಕೆ. ಈ ಮೂರೂ ಪದರದ ಜೀವಕೋಶಗಳಲ್ಲಿ, ಅಷ್ಟೇ ಯಾಕೆ, ನಿಮ್ಮ ಕಣ್ಣಿನಲ್ಲೂ ಹಿಮ್ಮಡಿಯಲ್ಲೂ ಇರುವ ಜೀನುಗಳು ಅವೇ, ಸುಮಾರು 20,000. ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟ ಒಂದೇ ದೊಡ್ಡ ಲೆಕ್ಕದ ಪುಸ್ತಕ ಅಂದುಕೊಳ್ಳಿ. ಪುಸ್ತಕ ಹೊರಗೆ ಬರಲ್ಲ. ಬೇಕಾದ ಪುಟ ನೋಡಿ ಒಂದು ಚೀಟಿ ಬರೆಯುತ್ತಾರೆ, ಕಿರಾಣಿ ಅಂಗಡಿಗೆ ಬರೆಯುತ್ತೇವಲ್ಲ, ಹಾಗೆ. ಆ ಚೀಟಿ ಅಂದರೆ ಎಂ-ಆರ್‌ಎನ್‌ಎ. ಚೀಟಿ ನೋಡಿ ಕಟ್ಟಿಕೊಟ್ಟ ಸಾಮಾನೇ ಪ್ರೋಟೀನ್. ಯಾವ ಸಾಮಾನು, ಎಷ್ಟು, ಯಾವ ಹೊತ್ತಿಗೆ ಅನ್ನುವುದನ್ನೇ ಪ್ರೋಟೀನ್ ಎಕ್ಸ್‌ಪ್ರೆಶನ್ ಅನ್ನುತ್ತಾರೆ.

ನಾನು ಇವತ್ತು ಹೇಳಬೇಕು ಅಂದುಕೊಂಡು ಬಂದದ್ದು ಇಷ್ಟೇ: ಈ ಕಾಯಿಲೆಯಲ್ಲಿ ಹೆಚ್ಚಿನ ರೋಗಿಗಳ ಪುಸ್ತಕದಲ್ಲಿ ತಪ್ಪಿಲ್ಲ. ಹೊಸ ವಿಚಿತ್ರ ಪ್ರೋಟೀನ್ ಯಾವುದೂ ಹುಟ್ಟಿಕೊಂಡಿಲ್ಲ. ಇರುವವೇ ಪ್ರೋಟೀನುಗಳು. ಬದಲಾಗಿದ್ದು "ಎಷ್ಟು" ಅನ್ನುವುದು.

ಒಂದು ಉದಾಹರಣೆ. ಒಳಪದರ ಒಂದು ಕಿಣ್ವದಿಂದ (ಕಿಣ್ವ ಅಂದರೂ ಪ್ರೋಟೀನೇ) ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲ ಮಾಡುತ್ತದೆ. ಅದು ಪಕ್ಕದ ಸ್ನಾಯುವಿಗೆ ಹೋಗಿ "ಸಡಿಲಿಸು" ಅನ್ನುತ್ತದೆ. ಇದನ್ನು ಕಂಡುಹಿಡಿದವರಿಗೆ 1998ರಲ್ಲಿ ನೊಬೆಲ್ ಬಂತು. ಪ್ರೊಸ್ಟಾಸೈಕ್ಲಿನ್ ಅಂತ ಇನ್ನೊಂದಿದೆ, ಅದೂ ಸಡಿಲಿಸು ಅನ್ನುವುದೇ. ಎಂಡೋಥೀಲಿನ್ ಅಂತ ಮೂರನೆಯದು, ಇದು ತದ್ವಿರುದ್ಧ, "ಬಿಗಿ, ಬೆಳೆ" ಅನ್ನುತ್ತದೆ. 1988ರಲ್ಲಿ ಜಪಾನಿನ ಯಾನಾಗಿಸಾವಾ ಮತ್ತು ಜೊತೆಯವರು ಇದನ್ನು ಪತ್ತೆ ಮಾಡಿದರು. ಬರೀ 21 ಅಮೈನೋ ಆಮ್ಲಗಳ ಪುಟ್ಟ ತುಂಡು, ಆದರೆ ನಾಳ ಹಿಂಡುವುದರಲ್ಲಿ ಭಾರೀ ಗಟ್ಟಿ. ತಮಾಷೆ ಅಂದರೆ ಒಂದು ಜಾತಿಯ ನೆಲಹಾವಿನ ವಿಷದಲ್ಲಿ ಇದರ ಅಣ್ಣ-ತಮ್ಮನಂತಿರುವ ಪ್ರೋಟೀನ್ ಇದೆ. ಹಾವು ಕಚ್ಚಿ ಕೊಡುವುದನ್ನು ನಮ್ಮ ನಾಳ ತಾನೇ ಮಾಡಿಕೊಳ್ಳುತ್ತದೆ, ಅಳತೆಯಲ್ಲಿ.

ಆರೋಗ್ಯವಂತರ ನಾಳದಲ್ಲಿ ಈ ಮೂರೂ ಇರುತ್ತವೆ. ಕಾಯಿಲೆಯಲ್ಲೂ ಮೂರೂ ಇರುತ್ತವೆ. ಆದರೆ ರೋಗಿಗಳ ಶ್ವಾಸಕೋಶ ನೋಡಿದಾಗ ಎಂಡೋಥೀಲಿನ್ ಜಾಸ್ತಿ ಇದ್ದದ್ದು 1993ರಲ್ಲಿ ವರದಿಯಾಯಿತು. ಪ್ರೊಸ್ಟಾಸೈಕ್ಲಿನ್ ಮಾಡುವ ಕಿಣ್ವ ಕಡಿಮೆ ಇದ್ದದ್ದು 1999ರಲ್ಲಿ. ನೈಟ್ರಿಕ್ ಆಕ್ಸೈಡಿನ ಸಂದೇಶವನ್ನು ಅಳಿಸಿಹಾಕುವ ಪಿಡಿಇ-5 ಅನ್ನುವ ಕಿಣ್ವವೂ ಜಾಸ್ತಿ. ಸ್ನಾಯುವಿನ ಮೇಲಿರುವ ಪೊಟ್ಯಾಸಿಯಂ ಬಾಗಿಲುಗಳು ಕಡಿಮೆ, ಅದರಿಂದ ಒಳಗೆ ಕ್ಯಾಲ್ಸಿಯಂ ನುಗ್ಗಿ ಸ್ನಾಯು ಬಿಗಿದೇ ಇರುತ್ತದೆ. ಹೊರಗಿನ ನಾರಿನಲ್ಲಿ ಕೊಲಾಜನ್ ಅನ್ನುವ ಗಟ್ಟಿ ಪ್ರೋಟೀನ್ ಜಾಸ್ತಿ, ನಾಳ ರಬ್ಬರಿನಂತೆ ಹಿಗ್ಗುವುದು ಬಿಟ್ಟು ತೊಗಲಿನಂತೆ ಬಿರುಸಾಗುತ್ತದೆ.

ಈಗಿರುವ ಮುಖ್ಯ ಔಷಧಗಳು ಹೆಚ್ಚಾಗಿ ಈ ಜಾಸ್ತಿ-ಕಮ್ಮಿ ಪಟ್ಟಿಗೇ ಹೊಂದುತ್ತವೆ. ಇಸವಿ ಹೇಳುವುದು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು. ಪ್ರೊಸ್ಟಾಸೈಕ್ಲಿನ್ ಕಮ್ಮಿ, ಹೊರಗಿಂದ ಕೊಡು: 1995. ಎಂಡೋಥೀಲಿನ್ ಜಾಸ್ತಿ, ಅದು ಕೂರುವ ಜಾಗಕ್ಕೆ ಅಡ್ಡ ನಿಲ್ಲಿಸು: ಬೊಸೆಂಟಾನ್, 2001. ಪಿಡಿಇ-5 ಜಾಸ್ತಿ, ಅದನ್ನು ತಡೆ: ಸಿಲ್ಡೆನಾಫಿಲ್, 2005. ಹೌದು, ನೀವು ಮುಸಿಮುಸಿ ನಗುತ್ತಿರುವುದು ಸರಿ, ಅದೇ ಗುಳಿಗೆ, ವಯಾಗ್ರಾ. ಎದೆನೋವಿಗೆ ಅಂತ ಶುರುವಾಗಿ, ಇನ್ನೊಂದಕ್ಕೆ ಹೆಸರಾಗಿ, ಕೊನೆಗೆ ಶ್ವಾಸಕೋಶಕ್ಕೂ ಬಂತು. ದೊಡ್ಡವ್ವನ ಚೀಟಿ ಹಿಡಿದು ಅವಳ ಮಗ ಮೆಡಿಕಲ್ ಅಂಗಡಿಗೆ ಹೋದಾಗ ಅಲ್ಲಿಯ ಹುಡುಗ "ದಿನಕ್ಕ ಮೂರಾ?" ಅಂತ ನಕ್ಕ. ಇವನು ನಾಚಿ ಮನೆಗೆ ವಾಪಸ್ ಬಂದ. ಮಾರನೇ ದಿನ ದೊಡ್ಡವ್ವ ತಾನೇ ಹೋಗಿ, "ನನಗ ಬೇಕಪ್ಪ, ನನ್ನ ಪುಪ್ಪಸಕ್ಕ, ಕೊಡು" ಅಂದಳಂತೆ. ನಗುವ ಮಾತು ಬಿಟ್ಟರೆ, ಒಂದು ಮಾತ್ರ ನೆನಪಿಡಿ. ಎದೆನೋವಿಗೆ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ನೈಟ್ರೇಟ್ ಗುಳಿಗೆ ಇದೆಯಲ್ಲ, ಅದರ ಜೊತೆ ಇದು ಸೇರಿದರೆ ಬಿಪಿ ಕುಸಿದು ಜೀವಕ್ಕೆ ಬರುತ್ತದೆ. ಅದಕ್ಕೇ ಯಾರದೋ ಗುಳಿಗೆ ಯಾರೋ ನುಂಗಬಾರದು.

ಇನ್ನು ಈ "ಜಾಸ್ತಿ", "ಕಮ್ಮಿ" ಅಂತ ಇಷ್ಟು ಸಲೀಸಾಗಿ ಹೇಳಿದೆನಲ್ಲ, ಅದನ್ನು ಅಳೆಯುವುದು ಹೇಗೆ? ಇದೇ ನನಗೆ ಪ್ರೀತಿಯ ಭಾಗ, ಸ್ವಲ್ಪ ಎಳೆಯುತ್ತೇನೆ, ಸಹಿಸಿಕೊಳ್ಳಿ.

ಶ್ವಾಸಕೋಶದ ತುಂಡನ್ನು ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್ನಿನಲ್ಲಿ ಹೆಪ್ಪುಗಟ್ಟಿಸಿ, ಒರಳಿನಲ್ಲಿ ಶೇಂಗಾ ಹಿಂಡಿ ಕುಟ್ಟಿದ ಹಾಗೆ ಕುಟ್ಟಿ ಪುಡಿ ಮಾಡಬೇಕು. ಸೋಪಿನಂಥ ರಾಸಾಯನಿಕ ಹಾಕಿ ಪ್ರೋಟೀನುಗಳನ್ನು ಬಿಡಿಸಿಕೊಳ್ಳಬೇಕು. ಆಮೇಲೆ ಜೆಲ್ಲಿಯಂಥ ಹಾಳೆಯ ಒಂದು ತುದಿಯಲ್ಲಿ ಹಾಕಿ ಕರೆಂಟು ಕೊಟ್ಟರೆ, ಸಣ್ಣ ಪ್ರೋಟೀನುಗಳು ಬೇಗ ಓಡುತ್ತವೆ, ದೊಡ್ಡವು ಹಿಂದೆ ಉಳಿಯುತ್ತವೆ. ಜಾತ್ರೆ ಗದ್ದಲದಲ್ಲಿ ಚಿಕ್ಕ ಹುಡುಗರು ಸಂದಿಯಲ್ಲಿ ನುಸುಳಿ ಮುಂದೆ ಹೋಗುವುದಿಲ್ಲವಾ, ಹಾಗೆ. ಅದನ್ನು ತೆಳ್ಳನೆ ಪೊರೆಗೆ ಒತ್ತಿ, ಬೇಕಾದ ಪ್ರೋಟೀನಿಗೆ ಮಾತ್ರ ಅಂಟುವ ಆಂಟಿಬಾಡಿ ಹಾಕಿದರೆ, ಆ ಜಾಗದಲ್ಲಿ ಒಂದು ಪಟ್ಟೆ ಕಾಣಿಸುತ್ತದೆ. ಪಟ್ಟೆ ದಪ್ಪ ಇದ್ದರೆ ಜಾಸ್ತಿ, ತೆಳ್ಳಗಿದ್ದರೆ ಕಮ್ಮಿ. ಇದಕ್ಕೆ ವೆಸ್ಟರ್ನ್ ಬ್ಲಾಟ್ ಅಂತ ಹೆಸರು. ಪಶ್ಚಿಮಕ್ಕೂ ಇದಕ್ಕೂ ಸಂಬಂಧ ಇಲ್ಲ. ಡಿಎನ್‌ಎ ಹುಡುಕುವ ವಿಧಾನ ಕಂಡುಹಿಡಿದವರ ಮನೆತನದ ಹೆಸರೇ ಸದರ್ನ್ ಅಂತ ಇತ್ತು, 1975ರ ಮಾತು. ಆರ್‌ಎನ್‌ಎ ವಿಧಾನಕ್ಕೆ ತಮಾಷೆಗೆ ನಾರ್ದರ್ನ್ ಅಂದರು, ಪ್ರೋಟೀನಿನದಕ್ಕೆ ವೆಸ್ಟರ್ನ್ ಅಂದರು. ವಿಜ್ಞಾನಿಗಳ ಹಾಸ್ಯ ಇಷ್ಟೇ.

ಈಗ ತೊಂದರೆ ಕೇಳಿ. ಎರಡು ಇಲಿ ಇವೆ, ಒಂದು ಆರೋಗ್ಯವಾಗಿದೆ, ಇನ್ನೊಂದಕ್ಕೆ ಕಾಯಿಲೆ. ಎರಡರದ್ದೂ ಅಷ್ಟೇ ಪ್ರಮಾಣ ಹಾಕಿದ್ದೇನೆ ಅನ್ನುವುದಕ್ಕೆ ಸಾಕ್ಷಿ ಬೇಕಲ್ಲ? ಅದಕ್ಕೆ ಎಲ್ಲ ಜೀವಕೋಶದಲ್ಲೂ ಒಂದೇ ಸಮ ಇರುತ್ತದೆ ಅಂತ ನಂಬಿಕೊಂಡ ಪ್ರೋಟೀನ್ ಒಂದನ್ನು ತಕ್ಕಡಿಯ ಕಲ್ಲಿನಂತೆ ಇಟ್ಟುಕೊಳ್ಳುತ್ತಾರೆ. ಹೆಚ್ಚಿನವರು ಆಕ್ಟಿನ್ ಅನ್ನುವ, ಜೀವಕೋಶದ ಚೌಕಟ್ಟಿನ ಪ್ರೋಟೀನ್ ಬಳಸುತ್ತಾರೆ. ನಾನೂ ಅದನ್ನೇ ಬಳಸಿದೆ. ಮೂರು ವಾರ ಕಡಿಮೆ ಆಮ್ಲಜನಕದಲ್ಲಿ ಇಟ್ಟ ಇಲಿಗಳಲ್ಲಿ ನೈಟ್ರಿಕ್ ಆಕ್ಸೈಡ್ ಮಾಡುವ ಕಿಣ್ವ ಚೆನ್ನಾಗಿ ಇಳಿದಿದೆ ಅಂತ ಬಂತು. ಖುಷಿಯೋ ಖುಷಿ. ಆರು ತಿಂಗಳು ಅದರ ಮೇಲೆ ಕೆಲಸ ಮಾಡಿದೆ, ಪೋಸ್ಟರ್ ಮಾಡಿದೆ, ಒಂದು ಸಭೆಯಲ್ಲಿ ಹೇಳಿಯೂ ಬಂದೆ. ಆಮೇಲೆ ಒಬ್ಬ ಜೂನಿಯರ್ ಹುಡುಗಿ ಕೇಳಿದಳು, "ಸರ್, ಕಾಯಿಲೆ ಇಲಿಯಲ್ಲಿ ಸ್ನಾಯು ದಪ್ಪ ಆಗಿದೆ ಅಂತೀರಿ. ಸ್ನಾಯು ಅಂದ್ರೆ ಆಕ್ಟಿನ್ ಅಲ್ವಾ ಸರ್? ಕಲ್ಲೇ ಭಾರ ಆಗಿದ್ರೆ?"

ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು. ನಾನು ಬಳಸಿದ ಆಂಟಿಬಾಡಿ ಸ್ನಾಯುವಿನ ಆಕ್ಟಿನ್ನನ್ನೂ ಹಿಡಿಯುತ್ತಿತ್ತು. ಕಾಯಿಲೆ ಇಲಿಯಲ್ಲಿ ತಕ್ಕಡಿ ಕಲ್ಲೇ ಭಾರವಾಗಿತ್ತು, ಅದರ ಎದುರು ಯಾವ ಸಾಮಾನು ಇಟ್ಟರೂ ಕಮ್ಮಿಯೇ ಕಾಣುತ್ತಿತ್ತು. ಪೊರೆಯ ಮೇಲಿನ ಎಲ್ಲ ಪ್ರೋಟೀನಿಗೂ ಕೆಂಪು ಬಣ್ಣ ಹಚ್ಚಿ, ಒಟ್ಟು ಎಷ್ಟಿದೆ ಅಂತ ನೋಡಿ ಮತ್ತೆ ಲೆಕ್ಕ ಹಾಕಿದೆ. ನನ್ನ ದೊಡ್ಡ ಇಳಿಕೆ ಹೆಚ್ಚುಕಡಿಮೆ ಮಾಯ. ಪೋಸ್ಟರ್ ಇವತ್ತೂ ಮನೆ ಅಟ್ಟದಲ್ಲಿದೆ, ಗೋಧಿ ಡಬ್ಬಿ ಕೆಳಗೆ ಹಾಸಿದ್ದಾರೆ.

ಇನ್ನೊಂದು ಕೇಳಿ. ಇಡೀ ಶ್ವಾಸಕೋಶ ಕುಟ್ಟಿ ನೋಡಿದಾಗ ಒಂದು ಪ್ರೋಟೀನ್ ಜಾಸ್ತಿ ಬಂತು ಅಂದುಕೊಳ್ಳಿ. ಅದರ ಅರ್ಥ ಏನು? ಊರಿನಲ್ಲಿ ಇವತ್ತು ರೊಟ್ಟಿ ಜಾಸ್ತಿ ಬಡಿದಿದ್ದಾರೆ ಅಂತ ಗೊತ್ತಾಯಿತು. ಪ್ರತಿ ಮನೆಯಲ್ಲೂ ನಾಲ್ಕು ರೊಟ್ಟಿ ಜಾಸ್ತಿ ಬಡಿದರೋ, ಅಥವಾ ಊರಿಗೆ ನೂರು ಮನೆಯವರು ಹೊಸದಾಗಿ ಬಂದರೋ? ಎರಡರಲ್ಲೂ ಒಟ್ಟು ರೊಟ್ಟಿ ಒಂದೇ. ಆದರೆ ಕಾರಣ ಬೇರೆ, ಮದ್ದೂ ಬೇರೆ. ಒಂದು ಜೀವಕೋಶ ಹೆಚ್ಚು ಪ್ರೋಟೀನ್ ಮಾಡುತ್ತಿದೆಯಾ, ಅಥವಾ ಆ ಥರದ ಜೀವಕೋಶಗಳೇ ಹೆಚ್ಚಾಗಿವೆಯಾ ಅನ್ನುವುದು ಕುಟ್ಟಿದ ಪುಡಿಯಲ್ಲಿ ಕಾಣಲ್ಲ. ಅದಕ್ಕೆ ಶ್ವಾಸಕೋಶವನ್ನು ತೆಳ್ಳಗೆ ಕೊಯ್ದು ಬಣ್ಣ ಹಚ್ಚಿ ಯಾವ ಪದರದಲ್ಲಿ ಎಷ್ಟಿದೆ ಅಂತ ಕಣ್ಣಾರೆ ನೋಡಬೇಕು, ಈಗಂತೂ ಒಂದೊಂದೇ ಜೀವಕೋಶ ಬಿಡಿಸಿ ಅದರ ಚೀಟಿ ಓದುವ ವಿಧಾನಗಳೂ ಬಂದಿವೆ. ನೈಟ್ರಿಕ್ ಆಕ್ಸೈಡಿನ ಆ ಕಿಣ್ವದ್ದೇ ನೋಡಿ. 1995ರಲ್ಲಿ ರೋಗಿಗಳ ನಾಳದಲ್ಲಿ ಅದು ಕಮ್ಮಿ ಅಂತ ಬಂತು. 1998ರಲ್ಲಿ ಬೇರೆಯವರು, ನಾಳದೊಳಗೆ ಗಂಟುಗಂಟಾಗಿ ಬೆಳೆದ ಭಾಗದಲ್ಲಿ ಅದು ಜಾಸ್ತಿಯೇ ಇದೆ ಅಂದರು. ಇಬ್ಬರೂ ಸುಳ್ಳು ಹೇಳಿಲ್ಲ, ಎಲ್ಲಿ ನೋಡಿದರು ಅನ್ನುವುದು ಬೇರೆ. ಸಾಲದ್ದಕ್ಕೆ ಕಿಣ್ವ ಇದ್ದ ಮಾತ್ರಕ್ಕೆ ಕೆಲಸ ಮಾಡುತ್ತದೆ ಅಂತಲೂ ಇಲ್ಲ. ಅದಕ್ಕೆ ಬೇಕಾದ ಸಹಾಯಕ ಅಣು ಕಡಿಮೆಯಾದರೆ ನೈಟ್ರಿಕ್ ಆಕ್ಸೈಡ್ ಬದಲು ನಾಳಕ್ಕೆ ಹಾನಿ ಮಾಡುವ ವಸ್ತುವನ್ನೇ ಮಾಡತೊಡಗುತ್ತದೆ. ಆಫೀಸಿನಲ್ಲಿ ಹಾಜರಿ ಇದೆ, ಕೆಲಸ ಇಲ್ಲ ಅನ್ನುವ ಜನ ನಿಮಗೆ ಗೊತ್ತಿಲ್ಲವಾ.

ಚೀಟಿ ಎಣಿಸಿದರೂ ಸಾಮಾನು ಎಣಿಸಿದ ಹಾಗಲ್ಲ. ಇದಕ್ಕೆ ಹಿಫ್ ಅನ್ನುವ ಪ್ರೋಟೀನಿಗಿಂತ ಒಳ್ಳೆ ಉದಾಹರಣೆ ಇಲ್ಲ. ಜೀವಕೋಶದಲ್ಲಿ ಇದರ ಚೀಟಿ ಸದಾ ಬರೆಯುತ್ತಿರುತ್ತಾರೆ, ಸಾಮಾನೂ ಸದಾ ತಯಾರಾಗುತ್ತಿರುತ್ತದೆ. ಆದರೆ ಆಮ್ಲಜನಕ ಸಾಕಷ್ಟಿದ್ದರೆ ತಯಾರಾದ ಕೆಲವೇ ನಿಮಿಷದಲ್ಲಿ ಜೀವಕೋಶವೇ ಅದಕ್ಕೆ ಗುರುತು ಹಾಕಿ ಕತ್ತರಿಸಿ ಬಿಸಾಕುತ್ತದೆ. ಆಮ್ಲಜನಕ ಕಮ್ಮಿಯಾದರೆ ಗುರುತು ಹಾಕುವ ಕಿಣ್ವ ಕೆಲಸ ನಿಲ್ಲಿಸುತ್ತದೆ, ಹಿಫ್ ಉಳಿದುಕೊಳ್ಳುತ್ತದೆ, ಉಳಿದದ್ದೇ ತಡ ಎಂಡೋಥೀಲಿನ್ ಸೇರಿ ಎಷ್ಟೋ ಪ್ರೋಟೀನುಗಳಿಗೆ ಹೊಸ ಚೀಟಿ ಬರೆಸುತ್ತದೆ. ಚೀಟಿ ಎಣಿಸುವವನಿಗೆ ಹಿಫ್‌ನಲ್ಲಿ ಬದಲಾವಣೆಯೇ ಕಾಣಲ್ಲ, ಸಾಮಾನು ನೋಡುವವನಿಗೆ ಭಾರೀ ಬದಲಾವಣೆ. ಈ ಗುಟ್ಟು ಬಿಡಿಸಿದ ಸೆಮೆಂಜಾ, ರ‍್ಯಾಟ್‌ಕ್ಲಿಫ್, ಕೇಲಿನ್ ಮೂವರಿಗೆ 2019ರ ನೊಬೆಲ್.

ಆಮ್ಲಜನಕದ ಮಾತು ಬಂದದ್ದಕ್ಕೆ ಶ್ವಾಸಕೋಶದ ಒಂದು ವಿಚಿತ್ರ ಹೇಳಬೇಕು. ಮೈಯಲ್ಲಿ ಬೇರೆಲ್ಲೇ ಆಮ್ಲಜನಕ ಕಮ್ಮಿಯಾದರೂ ಅಲ್ಲಿಯ ನಾಳ ಹಿಗ್ಗುತ್ತದೆ, ಇನ್ನಷ್ಟು ರಕ್ತ ಬರಲಿ ಅಂತ. ಶ್ವಾಸಕೋಶದಲ್ಲಿ ಮಾತ್ರ ಬಿಗಿಯುತ್ತದೆ. 1946ರಲ್ಲಿ ಫಾನ್ ಆಯ್ಲರ್ ಮತ್ತು ಲಿಲ್ಯೆಸ್ಟ್ರಾಂಡ್ ಅನ್ನುವ ಸ್ವೀಡನ್ನಿನ ಇಬ್ಬರು ಬೆಕ್ಕುಗಳಲ್ಲಿ ಇದನ್ನು ತೋರಿಸಿದರು. ಹೊಲಕ್ಕೆ ನೀರು ಬಿಡುವವರಿಗೆ ಇದು ತಕ್ಷಣ ಹೊಳೆಯುತ್ತದೆ. ಗಾಳಿ ಬಾರದ ಮೂಲೆಗೆ ರಕ್ತ ಕಳಿಸಿ ಏನು ಲಾಭ? ಆ ಮಡಿಗೆ ಒಡ್ಡು ಹಾಕಿ, ಗಾಳಿ ಇರುವ ಮಡಿಗೆ ತಿರುಗಿಸು. ಬುದ್ಧಿವಂತ ಏರ್ಪಾಡು. ಆದರೆ ಎತ್ತರದ ಬೆಟ್ಟಕ್ಕೆ ಹೋದರೆ ಎಲ್ಲ ಮಡಿಯಲ್ಲೂ ಗಾಳಿ ಕಮ್ಮಿ, ಎಲ್ಲ ಒಡ್ಡೂ ಒಟ್ಟಿಗೆ ಬೀಳುತ್ತವೆ. ಅಲ್ಲೇ ವಾರಗಟ್ಟಲೆ ಇದ್ದರೆ ಒಡ್ಡು ಬರೀ ಬಿಗಿತವಾಗಿ ಉಳಿಯಲ್ಲ, ಹಿಫ್ ಬರೆಸಿದ ಚೀಟಿಗಳಿಂದ ಗೋಡೆಯೇ ದಪ್ಪವಾಗುತ್ತದೆ.

ಪಶುವೈದ್ಯಕೀಯದವರು ಕಿವಿ ಕೊಡಿ. ಅಮೆರಿಕದ ಕೊಲೊರಾಡೋದಲ್ಲಿ ಎತ್ತರದ ಬೆಟ್ಟಗಳಿಗೆ ಮೇಯಲು ಹೊಡೆದ ದನಗಳಿಗೆ ಗಂಗೆದೊಗಲಿನಿಂದ ಮುಂಗಾಲಿನ ನಡುವಿನ ತನಕ ನೀರು ತುಂಬಿ ಬಾವು ಬರುತ್ತಿತ್ತು, ಸಾಯುತ್ತಿದ್ದವು. 1915ರಲ್ಲೇ ಅದನ್ನು ಬರೆದಿಟ್ಟಿದ್ದಾರೆ. ಅದು ಇದೇ ಕಾಯಿಲೆ, ದನದ್ದು. ದನದ ಶ್ವಾಸಕೋಶದ ನಾಳಕ್ಕೆ ಹುಟ್ಟಿನಿಂದಲೇ ಸ್ನಾಯು ದಪ್ಪ, ಅದಕ್ಕೇ ಬೇಗ ಬಿಗಿಯುತ್ತದೆ. ಹಿಮಾಲಯದ ಯಾಕ್‌ಗೆ ತೆಳುವು, ಏನೂ ಆಗಲ್ಲ. ಟಿಬೆಟಿನ ಜನರಲ್ಲಿ ಹಿಫ್‌ನ ಒಂದು ಬಗೆಯ ಜೀನ್ ಸ್ವಲ್ಪ ಬದಲಾಗಿ, ಎತ್ತರಕ್ಕೆ ಅವರ ಮೈ ಅತಿಯಾಗಿ ಉತ್ತರ ಕೊಡದ ಹಾಗೆ ಆಗಿದೆ. ನಮ್ಮ ದೇವಣಿ ಹೋರಿಗೆ ಭಯ ಬೇಡ, ಬೀದರು ಇರುವುದು ಎರಡು ಸಾವಿರದ ಚಿಲ್ಲರೆ ಅಡಿ ಎತ್ತರದಲ್ಲಿ ಅಷ್ಟೇ.

ಪುಸ್ತಕದಲ್ಲೇ ತಪ್ಪು ಇರುವ ಮನೆತನಗಳೂ ಇವೆ, ಅದನ್ನು ಬಿಟ್ಟರೆ ಅನ್ಯಾಯ. 2000ನೇ ಇಸವಿಯಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಬಿಎಂಪಿಆರ್-2 ಅನ್ನುವ ಜೀನ್ ಹಿಡಿದವು. ಇದರ ಪ್ರೋಟೀನ್ ನಾಳದ ಜೀವಕೋಶಕ್ಕೆ ಬ್ರೇಕ್ ಇದ್ದ ಹಾಗೆ, "ಸಾಕು, ಬೆಳೆಯಬೇಡ" ಅನ್ನುತ್ತದೆ. ವಂಶದಲ್ಲಿ ನಡೆದುಬರುವ ಕಾಯಿಲೆಯಲ್ಲಿ ನೂರಕ್ಕೆ 70ರಿಂದ 80 ಕಡೆ ಇದರ ಒಂದು ಪ್ರತಿ ಕೆಟ್ಟಿರುತ್ತದೆ. ಆದರೆ ನೋಡಿ, ಕೆಟ್ಟ ಪ್ರತಿ ಹೊತ್ತವರಲ್ಲಿ ಹೆಚ್ಚಿನವರಿಗೆ ಕಾಯಿಲೆ ಬರುವುದೇ ಇಲ್ಲ. ಇನ್ನೊಂದು ಕಡೆ, ಜೀನು ಸರಿ ಇದ್ದ ರೋಗಿಗಳ ನಾಳದಲ್ಲೂ ಈ ಪ್ರೋಟೀನ್ ಕಮ್ಮಿ ಇದ್ದದ್ದು ಕಂಡಿದೆ. ನಾನು ಮತ್ತೆ ಮತ್ತೆ "ಎಷ್ಟು" ಅಂತ ಜಗ್ಗುವುದು ಇದಕ್ಕೇ. ಈ ಬ್ರೇಕಿನ ಎದುರು, ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ, ಆಕ್ಟಿವಿನ್ ಅನ್ನುವ ಪ್ರೋಟೀನುಗಳಿವೆ, ಅವು "ಬೆಳೆ" ಅನ್ನುತ್ತವೆ. ಬ್ರೇಕ್ ಹಗುರಾದರೆ ಆ ಕಡೆ ವಾಲುತ್ತದೆ. ಸೊಟಾಟರ್ಸೆಪ್ಟ್ ಅಂತ ಹೊಸ ಇಂಜೆಕ್ಷನ್ ಇದೆ, ಮೂರು ವಾರಕ್ಕೊಮ್ಮೆ ಚರ್ಮದ ಕೆಳಗೆ. ಅದು ಆಕ್ಟಿವಿನ್ನುಗಳನ್ನು ದಾರಿಯಲ್ಲೇ ಹಿಡಿದು ಕಟ್ಟಿಹಾಕುತ್ತದೆ. 2024ರ ಮಾರ್ಚಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಹಳೇ ಔಷಧಗಳು ಮುಖ್ಯವಾಗಿ ನಾಳ ಸಡಿಲಿಸುತ್ತಿದ್ದವು, ಇದು ಗೋಡೆಯ ಬೆಳವಣಿಗೆಗೇ ಕೈ ಹಾಕುವ ಮದ್ದು. ರಕ್ತದಲ್ಲಿ ಹಿಮೋಗ್ಲೋಬಿನ್ ಏರುವುದು, ರಕ್ತಸ್ರಾವ ಆಗುವುದು ಇವೆಲ್ಲ ಇರುವುದರಿಂದ ನಿಗಾ ಇಡಬೇಕು. ಇನ್ನು ಬೆಲೆ ಕೇಳಿದರೆ ಕಾಯಿಲೆ ಇಲ್ಲದವರಿಗೂ ದಮ್ಮು ಹತ್ತುತ್ತದೆ.

ಇಲಿಗಳ ಬಗ್ಗೆ ಒಂದು ಮಾತು. ಹೊಲದಲ್ಲಿ ಹಸಿರು ಗೊಬ್ಬರಕ್ಕೆ ಸೆಣಬು ಬಿತ್ತುತ್ತೀರಲ್ಲ, ಅದರ ಕುಲದ್ದೇ ಇನ್ನೊಂದು ಗಿಡ ಇದೆ, ಒಣಗಿದ ಕಾಯಿ ಅಲ್ಲಾಡಿಸಿದರೆ ಕೂಸಿನ ಗಿಲಕಿಯಂತೆ ಸದ್ದು ಮಾಡುತ್ತದೆ. ಅದರ ಬೀಜದಲ್ಲಿರುವ ಮೊನೊಕ್ರೊಟಲಿನ್ ಅನ್ನುವ ವಿಷವನ್ನು ಒಂದೇ ಸಲ ಚುಚ್ಚಿದರೆ ಮೂರು-ನಾಲ್ಕು ವಾರದಲ್ಲಿ ಇಲಿಗೆ ಶ್ವಾಸಕೋಶದ ಬಿಪಿ ಬರುತ್ತದೆ. ಜಗತ್ತಿನ ಅರ್ಧ ಸಂಶೋಧನೆ ಈ ಇಲಿಗಳ ಮೇಲೇ ನಡೆದಿದೆ ಅಂದರೆ ತೀರಾ ಅತಿಯಾಗಲಿಕ್ಕಿಲ್ಲ. ಆದರೆ ಈ ಇಲಿಯನ್ನು ವಾಸಿ ಮಾಡಿದ ಮದ್ದುಗಳ ಸಾಲು ಬಲು ಉದ್ದ, ಮನುಷ್ಯರಿಗೆ ಬಂದದ್ದು ಬೆರಳೆಣಿಕೆ. ಮುಂದಿನ ಸಲ ಪೇಪರಿನಲ್ಲಿ "ಇಲಿಗಳಲ್ಲಿ ಯಶಸ್ಸು" ಅಂತ ಓದಿದಾಗ ಇಲಿಗೆ ಅಭಿನಂದನೆ ಹೇಳಿ ಮುಂದಿನ ಪುಟ ತಿರುಗಿಸಿ.

ನನ್ನ ಮಾತು ಇಷ್ಟು. ಆಮೇಲೆ ಪ್ರಶ್ನೆ ಬಂದವು.

ಮೊದಲನೆಯದು ನಾನು ಕಾಯುತ್ತಿದ್ದದ್ದೇ. ಜಿಮ್ಮಿಗೆ ಹೋಗುವ ಹುಡುಗ, "ಸರ್, ಪ್ರೋಟೀನ್ ಪೌಡರ್ ತಿಂದ್ರ ಇವೆಲ್ಲ ಜಾಸ್ತಿ ಆಗ್ತಾವೇನ್ರಿ?" ಇಲ್ಲಪ್ಪ. ತೊಗರಿಬೇಳೆ ತಿನ್ನು, ಪೌಡರ್ ತಿನ್ನು, ಹೊಟ್ಟೆಯಲ್ಲಿ ಎಲ್ಲ ಒಡೆದು ಅಮೈನೋ ಆಮ್ಲವಾಗುತ್ತದೆ. ಅದು ಇಟ್ಟಿಗೆ. ಯಾವ ಗೋಡೆ ಎಲ್ಲಿ ಎಷ್ಟು ಎತ್ತರ ಅನ್ನುವುದನ್ನು ಚೀಟಿ ಬರೆಯುವವನು ನಿರ್ಧರಿಸುತ್ತಾನೆ.

ಒಬ್ಬ ಅಕ್ಕೋರು ಕೇಳಿದರು, ರಕ್ತ ಪರೀಕ್ಷೆ ಮಾಡಿ ಇದನ್ನು ಹಿಡಿಯೋಕಾಗಲ್ವಾ ಅಂತ. ಸದ್ಯ ರೂಢಿಯಲ್ಲಿರುವುದು ಬಿಎನ್‌ಪಿ ಬಗೆಯ ಪರೀಕ್ಷೆ. ಅದನ್ನು ಮಾಡುವುದು ನಾಳವಲ್ಲ, ಎಳೆತಕ್ಕೆ ಸಿಕ್ಕ ಹೃದಯ. ಅಂದರೆ ಹೃದಯ ಕಷ್ಟದಲ್ಲಿದೆ ಅಂತ ತಿಳಿಯುತ್ತದೆ, ಯಾವ ಕಾರಣಕ್ಕೆ ಅಂತ ಅಲ್ಲ. ಹೃದಯ ಕೂಗುವ ಮೊದಲೇ ನಾಳದ ಗೋಡೆಯ ಸುದ್ದಿ ಹೇಳುವ ಪ್ರೋಟೀನನ್ನು ರಕ್ತದಲ್ಲಿ ಹುಡುಕುತ್ತಿದ್ದಾರೆ.

ಕೊನೆಗೆ ಹಿಂದಿನ ಸಾಲಿನಿಂದ ಶಾಲು ಹೊದ್ದ ಒಬ್ಬ ಕಾಕಾ ಎದ್ದರು. ಬ್ರಾಯ್ಲರ್ ಕೋಳಿ ಶೆಡ್ ಇದೆಯಂತೆ. "ಸರ್, ದನದ್ದು ಹೇಳಿದ್ರಿ. ಈ ಥಂಡ್ಯಾಗ ನನ್ನ ಕೋಳಿ ದಿನಾ ಎರಡು-ಮೂರು ಸಾಯ್ತಾವ. ಛಲೋ ದಪ್ಪ ಆದವೇ ಸಾಯ್ತಾವ ನೋಡ್ರಿ. ಕೊಯ್ದು ನೋಡಿದ್ರ ಹೊಟ್ಟಿ ತುಂಬ ನೀರು."

ನಾನು ಉತ್ತರ ಕೊಡುವ ಮೊದಲೇ ಪಶುವೈದ್ಯಕೀಯದ ಹುಡುಗಿ ಎದ್ದು ನಿಂತಳು. "ಕಾಕಾ, ಅದೂ ಇದೇ ಕಾಯಿಲೆ. ಬ್ರಾಯ್ಲರ್ ಮೈ ಬೆಳೆದಷ್ಟು ಬೇಗ ಅದರ ಶ್ವಾಸಕೋಶ ಬೆಳೆಯಲ್ಲ. ಥಂಡಿಗೆ ಮೈ ಕಾಯಿಸಿಕೊಳ್ಳೋಕೆ ಇನ್ನೂ ಜಾಸ್ತಿ ಆಮ್ಲಜನಕ ಬೇಕು, ರಕ್ತ ಜಾಸ್ತಿ ನುಗ್ಗುತ್ತೆ, ಒತ್ತಡ ಏರುತ್ತೆ, ಬಲ ಹೃದಯ ಸೋಲುತ್ತೆ, ನೀರು ಹೊಟ್ಟೆಗೆ ಇಳಿಯುತ್ತೆ. ಥಂಡಿ ಅಂತ ನೀವು ಶೆಡ್ಡಿನ ಪರದೆ ಪೂರಾ ಮುಚ್ಚಿ ಒಳಗೆ ಇದ್ದಲಿ ಹಚ್ಚಿದ್ದೀರಾ?"

ಕಾಕಾ ಒಂದು ಗಳಿಗೆ ಸುಮ್ಮನಾದರು. "ಹಚ್ಚೀನಿ. ನಾಕೂ ಕಡಿ ಕಟ್ಟೀನಿ."

"ಬೆಚ್ಚಗೆ ಇರಲಿ ಕಾಕಾ, ಆದರೆ ಗಾಳಿ ಆಡಬೇಕು. ಮೇಲಿನ ಕಡೆ ಸ್ವಲ್ಪ ಬಿಡಿ, ಹೊಗೆ ಹೊರಗೆ ಹೋಗೋ ಹಾಗೆ ಮಾಡಿ. ಶುರುವಿನ ವಾರಗಳಲ್ಲಿ ಆಹಾರವನ್ನೂ ಸ್ವಲ್ಪ ಹಿಡಿದು ಹಾಕಿ, ಅಷ್ಟು ಜೋರಾಗಿ ಬೆಳೆಯೋದು ಬೇಡ."

"ಹಂಗಾದ್ರ ಕೋಳಿಗೂ ಬಿಪಿ ಅದ ಅನ್ರಿ," ಅಂದರು ಕಾಕಾ. ಎಲ್ಲರೂ ನಕ್ಕರು. ವಂದನಾರ್ಪಣೆಗೆ ಯಾರೋ ಮೈಕು ಹಿಡಿಯುವಷ್ಟರಲ್ಲಿ ಅವರು ಬಾಗಿಲ ಹೊರಗೆ ನಿಂತು ಫೋನಿನಲ್ಲಿ ಜೋರಾಗಿ ಹೇಳುತ್ತಿದ್ದದ್ದು ಒಳಗೆಲ್ಲ ಕೇಳಿಸುತ್ತಿತ್ತು: "ತಮ್ಮಾ, ಆ ಮೂಡಣ ಕಡಿ ಪರದಿ ಮ್ಯಾಲಿಂದ ಒಂದೀಟು ಇಳಿಸು. ಹಾಂ, ಈಗೇ. ಯಾಕಂತ ಆಮ್ಯಾಲ ಹೇಳ್ತೀನಿ."